ಸ್ಮೃತಿಯೂ ಆಕೆಯೇ, ಮರೆವೂ ಆಕೆಯೇ

ನವರಾತ್ರಿಯ ದಿನಗಳಲ್ಲಿ ಶ್ರದ್ಧಾವಂತರ ಮನೆಗಳಲ್ಲಿ ಪಾರಾಯಣವಾಗುವ ದೇವೀಮಾಹಾತ್ಮ್ಯವೆಂದೊಡನೆ ಮಹಿಷಾಸುರನ ವಧೆ, ಶುಂಭನಿಶುಂಭರ ವಧೆ ಇವೇ ಸಾಮಾನ್ಯವಾಗಿ ಮನಸ್ಸಿಗೆ ಬರುತ್ತವೆ. ಆದರೆ ಮಾರ್ಕಂಡೇಯ ಪುರಾಣದ ಈ 13 ಅಧ್ಯಾಯಗಳು ಆರಂಭವಾಗುವುದು ಯುದ್ಧದಿಂದಲ್ಲ. ಇಬ್ಬರು ನೊಂದ ಮನುಷ್ಯರ ಭೇಟಿಯಿಂದ. ಸುರಥನೆಂಬ ಅರಸು ಶತ್ರುಗಳಿಗೆ ಸೋತು, ತನ್ನ ಅಮಾತ್ಯರಿಂದಲೇ ವಂಚಿತನಾಗಿ, ಬೇಟೆಯ ನೆಪದಲ್ಲಿ ಒಬ್ಬನೇ ಕುದುರೆಯೇರಿ ಕಾಡನ್ನು ಸೇರಿದ್ದಾನೆ. ಸಮಾಧಿಯೆಂಬ ವೈಶ್ಯನನ್ನು ಧನಲೋಭದಿಂದ ಹೆಂಡತಿ ಮಕ್ಕಳೇ ಹೊರಗಟ್ಟಿದ್ದಾರೆ. ಅವನೂ ಅದೇ ಕಾಡಿಗೆ ಬಂದಿದ್ದಾನೆ. ಇಬ್ಬರಿಗೂ ಮೇಧಸ್ ಋಷಿಯ ಆಶ್ರಮದ ನೆರಳಿದೆ. ಆದರೂ ಅರಸನಿಗೆ ತನ್ನ ಪಟ್ಟದಾನೆಗೆ ಮೇವು ಸಿಕ್ಕಿತೋ ಇಲ್ಲವೋ ಎಂಬ ಚಿಂತೆ. ತಾನು ಕಷ್ಟಪಟ್ಟು ಕೂಡಿಸಿದ ಭಂಡಾರವನ್ನು ಯಾರು ಬರಿದುಮಾಡುತ್ತಿರುವರೋ ಎಂಬ ಚಿಂತೆ. ವೈಶ್ಯನಿಗೆ, ತನ್ನನ್ನು ಹೊರಗಟ್ಟಿದ ಮಕ್ಕಳೇ ಈಗ ಕ್ಷೇಮದಿಂದಿದ್ದಾರೆಯೇ ಎಂಬ ಕಳವಳ. ತಿರಸ್ಕರಿಸಿದವರನ್ನು ತಮ್ಮ ಮನಸ್ಸು ಏಕೆ ತಿರಸ್ಕರಿಸಲಾರದು, ತಿಳಿದವರಾದ ತಮಗೂ ಈ ಮೋಹವೇಕೆ ಎಂದು ಅವರು ಋಷಿಯನ್ನು ಕೇಳುತ್ತಾರೆ. ಆ ಪ್ರಶ್ನೆಗೆ ಉತ್ತರವಾಗಿಯೇ ದೇವಿಯ ಕಥೆಯೆಲ್ಲವೂ ಹೊರಡುತ್ತದೆ.

ಎಂದಮೇಲೆ ದಸರೆಯ ಈ ಪವಿತ್ರ ಗ್ರಂಥದ ಹೊಸ್ತಿಲಿನಲ್ಲಿ ನಿಂತಿರುವ ಸಮಸ್ಯೆ ನೆನಪಿನ ಸಮಸ್ಯೆ. ಮರೆಯಬೇಕಾದುದನ್ನು ಮರೆಯಲಾರದ ಸಮಸ್ಯೆ. ಮುಂದೆ 5ನೆಯ ಅಧ್ಯಾಯದಲ್ಲಿ ದೇವತೆಗಳು ಮಾಡುವ ಸ್ತುತಿಯಲ್ಲಿ ದೇವಿಯು ಸಕಲ ಪ್ರಾಣಿಗಳಲ್ಲಿ ಬುದ್ಧಿಯಾಗಿ, ನಿದ್ರೆಯಾಗಿ, ಹಸಿವಾಗಿ, ದಯೆಯಾಗಿ ನೆಲೆಸಿರುವಳೆಂದು ಹೇಳುವಾಗ, ಸ್ಮೃತಿಯಾಗಿ ನೆಲೆಸಿರುವಳೆಂದೂ ಹೇಳಲಾಗಿದೆ. ಸ್ವಲ್ಪ ಮುಂದುವರಿದರೆ ಅದೇ ಸ್ತುತಿಯಲ್ಲಿ ಆಕೆ ಭ್ರಾಂತಿಯಾಗಿಯೂ ನೆಲೆಸಿರುವಳು. ಪಾರಾಯಣದ ಓಟದಲ್ಲಿ ಈ ಎರಡು ಮಾತುಗಳನ್ನು ಜೊತೆಯಲ್ಲಿಟ್ಟು ನೋಡುವವರು ಕಡಿಮೆ. ಗೀತೆಯ 15ನೆಯ ಅಧ್ಯಾಯದಲ್ಲಿ ಭಗವಂತನೂ ಇದನ್ನೇ ಹೇಳುತ್ತಾನೆ: ಸ್ಮೃತಿ, ಜ್ಞಾನ ಇವು ತನ್ನಿಂದಲೇ, ಅವುಗಳ ಅಪೋಹನವೂ, ಅಂದರೆ ಹೋಗಲಾಡಿಸುವಿಕೆಯೂ ತನ್ನಿಂದಲೇ. ಮರೆವನ್ನು ಕೇವಲ ದೋಷವೆಂದು ನಮ್ಮ ಹಿರಿಯರು ಬಗೆಯಲಿಲ್ಲ. ಮರೆವೆಂಬುದು ಇಲ್ಲದಿದ್ದರೆ ಮಗುವನ್ನು ಕಳೆದುಕೊಂಡ ತಾಯಿ ಮತ್ತೆ ಒಲೆ ಹಚ್ಚುವುದು ಹೇಗೆ?

ಶಾಸ್ತ್ರಕಾರರು ಸ್ಮೃತಿಯನ್ನು ಕುರಿತು ಹೇಳಿರುವುದು ಬಹಳ ಖಚಿತವಾಗಿದೆ. ತರ್ಕಶಾಸ್ತ್ರದ ಪ್ರಕಾರ ಸಂಸ್ಕಾರಮಾತ್ರದಿಂದ ಹುಟ್ಟುವ ಜ್ಞಾನವೇ ಸ್ಮೃತಿ. ಹಿಂದೆ ಆದ ಅನುಭವವು ಮನಸ್ಸಿನಲ್ಲಿ ಒಂದು ಗುರುತನ್ನು ಬಿಟ್ಟಿರುತ್ತದೆ. ಆ ಗುರುತು ಎಚ್ಚರಗೊಂಡಾಗ ನೆನಪು ಬರುತ್ತದೆ. ಪತಂಜಲಿಯು ಅನುಭವಕ್ಕೆ ಬಂದ ವಿಷಯವು ಜಾರಿಹೋಗದಿರುವುದನ್ನು ಸ್ಮೃತಿ ಎನ್ನುತ್ತಾನೆ. ಆತನ ಯೋಗಸೂತ್ರದಲ್ಲಿ ಒಂದು ವಿಶೇಷವುಂಟು. ಚಿತ್ತದ ಐದು ವೃತ್ತಿಗಳಾದ ಪ್ರಮಾಣ, ವಿಪರ್ಯಯ, ವಿಕಲ್ಪ, ನಿದ್ರೆ, ಸ್ಮೃತಿ ಇವುಗಳಲ್ಲಿ ಸ್ಮೃತಿಯೂ ಸೇರಿದೆ. ಆದ್ದರಿಂದ ಅದು ನಿರೋಧಿಸಬೇಕಾದ ವಸ್ತು. ಅದೇ ಸಮಾಧಿಪಾದದಲ್ಲಿ ಕೆಲವೇ ಸೂತ್ರಗಳ ಅನಂತರ ಶ್ರದ್ಧೆ, ವೀರ್ಯ, ಸಮಾಧಿ, ಪ್ರಜ್ಞೆಗಳ ಸಾಲಿನಲ್ಲಿ ಸ್ಮೃತಿಯು ಸಾಧನವಾಗಿಯೂ ಕಾಣಿಸಿಕೊಳ್ಳುತ್ತದೆ. ಇದು ವಿರೋಧವೆಂದು ತೋರಬಹುದು. ತಾನಾಗಿ ಬಂದು ಕಾಡುವ ನೆನಪು ಒಂದು; ತಾನು ಬೇಕೆಂದು ತಂದುಕೊಳ್ಳುವ ನೆನಪು ಇನ್ನೊಂದು. ಸುರಥನ ಪಟ್ಟದಾನೆ ಮೊದಲನೆಯ ಜಾತಿಯದು. ಭಾಗವತದ 7ನೆಯ ಸ್ಕಂಧದಲ್ಲಿ ಪ್ರಹ್ಲಾದನು ಎಣಿಸುವ ಒಂಬತ್ತು ವಿಧದ ಭಕ್ತಿಯಲ್ಲಿ ಶ್ರವಣ, ಕೀರ್ತನಗಳ ತರುವಾಯ ಮೂರನೆಯದಾಗಿ ಬರುವ ಸ್ಮರಣ ಎರಡನೆಯ ಜಾತಿಯದು.

ಕೇಳಿದ್ದು ಮೊದಲು, ಬಾಯಿಂದ ಹೇಳಿದ್ದು ಆಮೇಲೆ, ನೆನಪು ಆಮೇಲೆ. ಈ ಕ್ರಮವನ್ನು ಗಮನಿಸಬೇಕು. ಕೇಳದೆ, ಹೇಳದೆ ನೆನಪಿಟ್ಟುಕೊಳ್ಳುವೆನೆಂದು ಹೊರಡುವವನಿಗೆ ಮೂರನೆಯ ಮೆಟ್ಟಿಲು ಕಾಲಿಗೆ ಎಟುಕುವುದಿಲ್ಲ.

ಗೀತೆಯು ಸ್ಮೃತಿಯ ವಿಚಾರವನ್ನು ಎರಡು ತುದಿಗಳಲ್ಲಿ ಎತ್ತುತ್ತದೆ. 2ನೆಯ ಅಧ್ಯಾಯದಲ್ಲಿ ಮನುಷ್ಯನು ಕೆಡುವ ಮಾರ್ಗದ ವರ್ಣನೆಯಿದೆ. ವಿಷಯಗಳನ್ನು ಮೆಲುಕುಹಾಕುವುದರಿಂದ ಸಂಗ, ಸಂಗದಿಂದ ಕಾಮ, ಕಾಮದಿಂದ ಕ್ರೋಧ, ಕ್ರೋಧದಿಂದ ಸಂಮೋಹ, ಸಂಮೋಹದಿಂದ ಸ್ಮೃತಿಯ ವಿಭ್ರಮ, ಅದರಿಂದ ಬುದ್ಧಿನಾಶ, ಕಡೆಗೆ ಸರ್ವನಾಶ. ಸಿಟ್ಟು ಬಂದಾಗ ಮನುಷ್ಯನು ಮೊದಲು ಕಳೆದುಕೊಳ್ಳುವುದು ಬುದ್ಧಿಯನ್ನಲ್ಲ, ನೆನಪನ್ನು ಎಂಬುದು ಇಲ್ಲಿಯ ಸೂಕ್ಷ್ಮ. ಎದುರಿಗಿರುವವನು ತನ್ನ ಅಣ್ಣ, ತನಗೆ ಒಂದು ಕಾಲಕ್ಕೆ ಅನ್ನ ಹಾಕಿದವನು, ತಾನು ಆಡುತ್ತಿರುವುದು ಮಕ್ಕಳ ಮುಂದೆ ಎಂಬ ಸಂಗತಿಗಳು ಆ ಗಳಿಗೆಯಲ್ಲಿ ಇಲ್ಲವಾಗುತ್ತವೆ. ಆಸ್ತಿಯ ಪಾಲಿನ ಮಾತು ನಡೆದ ಯಾವ ಮನೆಯ ಪಡಸಾಲೆಯಾದರೂ ಇದಕ್ಕೆ ಸಾಕ್ಷಿ ಹೇಳೀತು. ಇನ್ನೊಂದು ತುದಿ 18ನೆಯ ಅಧ್ಯಾಯದ ಕೊನೆ. ಎಲ್ಲವನ್ನೂ ಕೇಳಿದ ಅರ್ಜುನನು ತನ್ನ ಮೋಹವು ನಾಶವಾಯಿತು, ಸ್ಮೃತಿಯು ಲಭಿಸಿತು, ಸಂದೇಹವು ಹೋಯಿತು ಎನ್ನುತ್ತಾನೆ. ಜ್ಞಾನ ಲಭಿಸಿತು ಎನ್ನಬಹುದಾಗಿದ್ದ ಕಡೆ ಸ್ಮೃತಿ ಲಭಿಸಿತು ಎಂಬ ಮಾತು ಬಂದಿದೆ. ಹೊಸದಾಗಿ ಬಂದುದಲ್ಲ, ತನ್ನದೇ ಆಗಿದ್ದು ಕಾಣದಾಗಿದ್ದುದು ಕೈಗೆ ಸಿಕ್ಕಿತು ಎಂಬುದು ಅದರ ಭಾವ.

ಇದಕ್ಕೆ ಲೌಕಿಕದ ಒಂದು ಉಪಮಾನವನ್ನು ಕೊಡಬಹುದು. ಬ್ಯಾಂಕಿನ ಉಳಿತಾಯ ಖಾತೆಯಲ್ಲಿ ಎರಡು ವರ್ಷಕ್ಕೆ ಮೇಲ್ಪಟ್ಟು ಖಾತೆದಾರನ ವ್ಯವಹಾರವೇ ನಡೆಯದಿದ್ದರೆ ಅದನ್ನು ನಿಷ್ಕ್ರಿಯ ಖಾತೆಯೆಂದು ಬೇರೆ ಇಡುತ್ತಾರೆ. ಹತ್ತು ವರ್ಷ ಯಾರೂ ಕೇಳದಿದ್ದರೆ ಆ ಹಣವು ರಿಸರ್ವ್ ಬ್ಯಾಂಕು 2014ರಲ್ಲಿ ಸ್ಥಾಪಿಸಿದ ಠೇವಣಿದಾರರ ನಿಧಿಗೆ ವರ್ಗವಾಗುತ್ತದೆ. ಹಾಗೆ ವರ್ಗವಾದರೂ ಹಕ್ಕು ಅಳಿಯುವುದಿಲ್ಲ. ಠೇವಣಿದಾರನೋ ಅವನ ವಾರಸುದಾರನೋ ದಾಖಲೆಯೊಡನೆ ಬಂದು ಕೇಳಿದರೆ ಹಣ ಹಿಂತಿರುಗುತ್ತದೆ. ಹೀಗೆ ಉಳಿದುಹೋಗುವ ಎಷ್ಟೋ ಖಾತೆಗಳ ಹಿಂದಿರುವ ಕಾರಣ ಬಲು ಸಾಧಾರಣವಾದದ್ದು. ಯಜಮಾನನು ಠೇವಣಿ ಇಟ್ಟದ್ದನ್ನು ಮನೆಯಲ್ಲಿ ಹೇಳಿರುವುದಿಲ್ಲ, ನಾಮನಿರ್ದೇಶನದ ಕಾಗದವನ್ನು ಬರೆದಿರುವುದಿಲ್ಲ, ಊರು ಬದಲಾದಾಗ ವಿಳಾಸವನ್ನು ತಿದ್ದಿಸಿರುವುದಿಲ್ಲ. ಹೆಂಡತಿಯು ಸಾಲ ಮಾಡಿ ಸಂಸಾರ ತೂಗಿಸುತ್ತಿರುವಾಗ ಆಕೆಯ ಹಣವೇ ಆಕೆಯ ಹೆಸರು ತಿಳಿಯದೆ ಲೆಕ್ಕದ ಪುಸ್ತಕದಲ್ಲಿ ಕುಳಿತಿರುತ್ತದೆ. ಅರ್ಜುನನ ಸ್ಥಿತಿಯೂ ಇದೇ. ಸ್ವತ್ತು ಹೋಗಿರಲಿಲ್ಲ, ಅದು ತನ್ನದೆಂಬ ಅರಿವು ಹೋಗಿತ್ತು. (ವಾಚಕರು ಈ ಸಂಚಿಕೆಯನ್ನು ಕೆಳಗಿಟ್ಟ ಮೇಲೆ ತಮ್ಮ ಪೆಟ್ಟಿಗೆಯಲ್ಲಿರುವ ರಸೀದಿಗಳನ್ನು ಒಮ್ಮೆ ಮನೆಯವರಿಗೆ ತೋರಿಸಿದರೆ ಅದು ದಸರೆಗೆ ಅನುಚಿತವಾದ ಕಾರ್ಯವೇನೂ ಆಗದು. ಲಕ್ಷ್ಮಿಯೂ ನವರಾತ್ರಿಯ ದೇವತೆಯೇ.)

ಗೀತೆಯ ಕಥೆಯನ್ನು ಇಲ್ಲಿಗೇ ಮುಗಿಸುವುದು ವಾಡಿಕೆ. ಆದರೆ ವ್ಯಾಸರು ಮುಗಿಸಲಿಲ್ಲ. ಯುದ್ಧವೆಲ್ಲ ಕಳೆದು, ಧರ್ಮರಾಜನಿಗೆ ಪಟ್ಟವಾಗಿ, ಭೀಷ್ಮರು ದೇಹವನ್ನು ಬಿಟ್ಟ ಮೇಲೆ ಬರುವ ಅಶ್ವಮೇಧಪರ್ವದಲ್ಲಿ ಒಂದು ಪ್ರಸಂಗವಿದೆ. ಕೃಷ್ಣಾರ್ಜುನರು ಇಂದ್ರಪ್ರಸ್ಥದಲ್ಲಿ ಸುಖವಾಗಿ ಕಾಲ ಕಳೆಯುತ್ತಿದ್ದಾರೆ. ಕೃಷ್ಣನು ದ್ವಾರಕೆಗೆ ಹೊರಡುವ ಸಿದ್ಧತೆಯಲ್ಲಿದ್ದಾನೆ. ಆಗ ಅರ್ಜುನನು ಹೇಳುತ್ತಾನೆ: ಯುದ್ಧದ ಸಮಯದಲ್ಲಿ ಸ್ನೇಹದಿಂದ ನೀನು ನನಗೆ ಹೇಳಿದ್ದೆಲ್ಲವೂ ನನ್ನ ಚಿತ್ತಭ್ರಮೆಯಿಂದ ನಷ್ಟವಾಗಿಹೋಗಿದೆ, ಅದನ್ನು ಮತ್ತೆ ಕೇಳುವ ಆಸೆಯಾಗಿದೆ, ನೀನಾದರೋ ಬೇಗನೆ ಹೊರಟುಹೋಗುವೆ. ಕೃಷ್ಣನು ಅವನನ್ನು ಆಲಿಂಗಿಸಿಕೊಳ್ಳುತ್ತಾನೆ. ಆದರೆ ಆಕ್ಷೇಪಿಸದೆ ಬಿಡುವುದಿಲ್ಲ. ನೀನು ಅದನ್ನು ಗ್ರಹಿಸದೆ ಹೋದದ್ದು ನನಗೆ ಅಪ್ರಿಯವಾಯಿತು, ಯೋಗಯುಕ್ತನಾಗಿ ಅಂದು ಹೇಳಿದ್ದನ್ನು ಮತ್ತೆ ಹಾಗೆಯೇ ಪೂರ್ಣವಾಗಿ ಹೇಳಲು ಶಕ್ಯವಿಲ್ಲ ಎನ್ನುತ್ತಾನೆ. ಆಮೇಲೆ ಅದೇ ಅರ್ಥವುಳ್ಳ ಒಂದು ಪ್ರಾಚೀನ ಇತಿಹಾಸವನ್ನು ಹೇಳುತ್ತಾನೆ. ಅದೇ ಅನುಗೀತೆ.

ಈ ಪ್ರಸಂಗವು ಬಹಳ ಜನಕ್ಕೆ ತಿಳಿಯದು. ತಿಳಿದವರಲ್ಲಿಯೂ ಕೆಲವರಿಗೆ ಇದು ಸ್ವಲ್ಪ ಮುಜುಗರದ ವಿಷಯ. ಸಾಕ್ಷಾತ್ ಭಗವಂತನ ಬಾಯಿಂದ ಗೀತೆಯನ್ನು ಕೇಳಿದವನು, ವಿಶ್ವರೂಪವನ್ನು ಕಣ್ಣಾರೆ ಕಂಡವನು, ಸ್ಮೃತಿ ಲಭಿಸಿತೆಂದು ತಾನೇ ನುಡಿದವನು ಮರೆತುಬಿಟ್ಟನೆ? ವಿಚಾರಮಾಡಿದರೆ ಇದರಲ್ಲಿ ಅರ್ಜುನನ ಅಪಕೀರ್ತಿಗಿಂತ ವ್ಯಾಸರ ಸತ್ಯಸಂಧತೆಯೇ ದೊಡ್ಡದಾಗಿ ಕಾಣುತ್ತದೆ. ಗೀತೆಯನ್ನು ಕೇಳಿದ 13ನೆಯ ದಿನವೇ ಅಭಿಮನ್ಯು ಮಡಿದ. ಆ ಮೇಲೆ ದ್ರೋಣ, ಕರ್ಣ, ರಾತ್ರಿಯಲ್ಲಿ ಮಲಗಿದ್ದಲ್ಲೇ ಹತರಾದ ದ್ರೌಪದಿಯ ಐವರು ಮಕ್ಕಳು. ಅದರ ಮೇಲೆ ರಾಜ್ಯ, ಉತ್ಸವ, ಉದ್ಯಾನವಿಹಾರ. ದುಃಖವೊಂದು ಕಡೆಯಿಂದ, ಸುಖವೊಂದು ಕಡೆಯಿಂದ ಬಂದು ತಿಕ್ಕಿದಾಗ ಒಮ್ಮೆ ಕೇಳಿದ ಮಾತು, ಅದು ಎಂತಹ ಮಾತೇ ಆಗಿರಲಿ, ಎಷ್ಟು ದಿನ ಉಳಿದೀತು? ಅರ್ಜುನನಲ್ಲಿ ಕೊರತೆ ಇದ್ದುದು ಅನುಭವದ್ದಲ್ಲ, ಆವೃತ್ತಿಯದು. ಗೀತೆಯ 8ನೆಯ ಅಧ್ಯಾಯದಲ್ಲಿ ಕೃಷ್ಣನು ಎಲ್ಲ ಕಾಲಗಳಲ್ಲಿಯೂ ತನ್ನನ್ನು ಸ್ಮರಿಸುತ್ತಿರು, ಯುದ್ಧವನ್ನೂ ಮಾಡು ಎಂದು ಎರಡನ್ನೂ ಒಟ್ಟಿಗೆ ಹೇಳಿದ್ದನಷ್ಟೆ. ಅವನು ಯುದ್ಧವನ್ನು ಚೆನ್ನಾಗಿ ಮಾಡಿದ. ಇನ್ನೊಂದು ಅರ್ಧ ಜಾರಿಹೋಯಿತು. ಅವನು ಮಾಡಿದ ಒಳ್ಳೆಯ ಕೆಲಸವೆಂದರೆ ಮರೆತೆನೆಂಬುದನ್ನು ಮುಚ್ಚಿಡಲಿಲ್ಲ. ಹೇಳಿದವನು ಇನ್ನೂ ಹತ್ತಿರವಿರುವಾಗಲೇ ಕೇಳಿದ. ಮನೆಯ ಹಿರಿಯರು ದ್ವಾರಕೆಗೆ ಹೊರಟು ನಿಂತ ಮೇಲೂ ಕೇಳಲು ನಾಚುವವರು ಎಷ್ಟು ಜನ!

ಮರೆವಿನ ಶಾಪವನ್ನು ಪಡೆದ ಇಬ್ಬರು ವೀರರು ಇತಿಹಾಸಗಳಲ್ಲಿ ಬರುತ್ತಾರೆ. ಅವರನ್ನು ಪಕ್ಕದಲ್ಲಿಟ್ಟು ನೋಡುವುದು ಉಚಿತ. ಬಾಲ್ಯದಲ್ಲಿ ಋಷಿಗಳ ಆಶ್ರಮಗಳಲ್ಲಿ ಚೇಷ್ಟೆ ಮಾಡಿದ ಹನುಮಂತನಿಗೆ, ಯಾರಾದರೂ ನೆನಪು ಮಾಡಿಕೊಡುವವರೆಗೆ ತನ್ನ ಬಲವು ತನಗೆ ತಿಳಿಯದಿರಲೆಂದು ಅವರು ಶಪಿಸಿದುದಾಗಿ ಉತ್ತರಕಾಂಡ ಹೇಳುತ್ತದೆ. ಬ್ರಾಹ್ಮಣನೆಂದು ಸುಳ್ಳು ಹೇಳಿ ವಿದ್ಯೆ ಪಡೆದ ಕರ್ಣನಿಗೆ, ಸರಿಸಮಾನನೊಡನೆ ಹೋರಾಡುವ ಅಂತ್ಯಕಾಲದಲ್ಲಿ ಬ್ರಹ್ಮಾಸ್ತ್ರವು ನೆನಪಿಗೆ ಬಾರದಿರಲೆಂದು ಪರಶುರಾಮರ ಶಾಪ. ಇಬ್ಬರಿಗೂ ಶಾಪ ಒಂದೇ ಬಗೆಯದು. ಆದರೆ ಸಮುದ್ರತೀರದಲ್ಲಿ ಎಲ್ಲ ವಾನರರೂ ಕೈಚೆಲ್ಲಿ ಕುಳಿತಾಗ, ಒಂದು ಕಡೆ ಸುಮ್ಮನೆ ಕುಳಿತಿದ್ದ ಹನುಮಂತನ ಬಳಿಗೆ ಮುದುಕ ಜಾಂಬವಂತನು ಬಂದು ಅವನ ಜನ್ಮವೃತ್ತಾಂತವನ್ನು, ಅವನ ಬಲವನ್ನು ಅವನಿಗೇ ಹೇಳಿದ. ಕೇಳುತ್ತ ಕೇಳುತ್ತ ಹನುಮಂತನು ಬೆಳೆದ. ಕರ್ಣನ ರಥದ ಮೇಲೆ ಕುಳಿತಿದ್ದವನಾದರೋ ಶಲ್ಯ. ಅವನು ದಾರಿಯುದ್ದಕ್ಕೂ ಜ್ಞಾಪಿಸಿದ್ದು ಕರ್ಣನ ಹೀನತೆಯನ್ನು, ಅವನ ಸೋಲುಗಳನ್ನು. ಶಾಪಕ್ಕಿಂತ ಪಕ್ಕದಲ್ಲಿ ಯಾರಿದ್ದಾರೆ ಎಂಬುದೇ ಹೆಚ್ಚಿನದಾಯಿತು. ಕಡೆಯ ಗಳಿಗೆಯಲ್ಲಿ ಅಸ್ತ್ರವನ್ನು ಮರೆತ ಆ ಕರ್ಣನನ್ನೇ, ಭಾರತದಲ್ಲಿ ಯಾರನ್ನಾದರೂ ನೆನೆಯುವುದಿದ್ದರೆ ಅವನನ್ನು ನೆನೆಯಿರಿ ಎಂದು ನಮ್ಮ ಆದಿಕವಿ ಪಂಪನು 941ರ ತನ್ನ ವಿಕ್ರಮಾರ್ಜುನವಿಜಯದಲ್ಲಿ ಕನ್ನಡಿಗರಿಗೆ ಹೇಳಿಹೋದ. ಕರ್ಣನಿಗೆ ಬದುಕಿನಲ್ಲಿ ದೊರೆಯದ ಜಾಂಬವಂತನು ಎಷ್ಟೋ ಶತಮಾನಗಳ ಮೇಲೆ ಕನ್ನಡದಲ್ಲಿ ದೊರೆತನೆನ್ನಬೇಕು.

ಇನ್ನು ನೆನಪನ್ನು ಕಾಯುವ ಬಗೆ. ಈ ವಿಷಯದಲ್ಲಿ ನಮ್ಮ ಪೂರ್ವಿಕರಷ್ಟು ಶ್ರಮಪಟ್ಟವರು ಲೋಕದಲ್ಲಿ ವಿರಳ. ವೇದವನ್ನು ಬರೆಯದೆ ಬಾಯಿಂದ ಬಾಯಿಗೆ ಸಾಗಿಸಿದ ವಿಧಾನವು ಬಲು ಕೌಶಲದ್ದು. ಮೊದಲು ಸಂಹಿತಾಪಾಠ, ಬಳಿಕ ಸಂಧಿ ಬಿಡಿಸಿದ ಪದಪಾಠ, ಬಳಿಕ ಕ್ರಮಪಾಠ. ಕ್ರಮದಲ್ಲಿ ಒಂದನೆಯ ಪದದೊಡನೆ ಎರಡನೆಯದು, ಎರಡನೆಯದರೊಡನೆ ಮೂರನೆಯದು ಹೀಗೆ ಸರಪಳಿಯಂತೆ ಸಾಗುತ್ತದೆ. ಜಟೆಯಲ್ಲಿ ಒಂದು ಎರಡು, ಎರಡು ಒಂದು, ಮತ್ತೆ ಒಂದು ಎರಡು. ಘನಪಾಠದಲ್ಲಿ ಒಂದು ಎರಡು, ಎರಡು ಒಂದು, ಒಂದು ಎರಡು ಮೂರು, ಮೂರು ಎರಡು ಒಂದು, ಒಂದು ಎರಡು ಮೂರು ಎಂದು ಹೇಳಿ ಮುಂದಿನ ಪದಕ್ಕೆ ಹೋಗಬೇಕು. ಹೀಗೆ ಹಿಂದೆ ಮುಂದೆ ಹೆಣೆದ ಪಾಠದಲ್ಲಿ ಒಂದು ಪದ ತಪ್ಪಿದರೂ, ಒಂದು ಸ್ವರ ಜಾರಿದರೂ ಅಲ್ಲಿಯೇ ಸಿಕ್ಕಿಬೀಳುತ್ತದೆ. ಲೆಕ್ಕವನ್ನು ಮೇಲಿನಿಂದ ಕೆಳಕ್ಕೆ ಕೂಡಿದವರು ಕೆಳಗಿನಿಂದ ಮೇಲಕ್ಕೂ ಕೂಡಿ ತಾಳೆ ನೋಡುವಂತಹ ವ್ಯವಸ್ಥೆ ಇದು. ಈ ವೇದಪಠನ ಪರಂಪರೆಯನ್ನು ಮನುಕುಲದ ಅಮೂಲ್ಯ ಪರಂಪರೆಗಳಲ್ಲೊಂದೆಂದು ಯುನೆಸ್ಕೋ ಸಂಸ್ಥೆಯು 2003ರಲ್ಲಿ ಘೋಷಿಸಿತು.

ಇದನ್ನು ಬರಿಯ ಗಿಣಿಪಾಠವೆಂದು ಹಳಿಯುವವರಿದ್ದಾರೆ. ಅರ್ಥವಿಲ್ಲದ ಕಂಠಪಾಠವನ್ನು ಯಾಸ್ಕರ ಕಾಲದಿಂದಲೂ ನಮ್ಮವರೇ ಖಂಡಿಸಿದ್ದಾರೆ. ಆದರೆ ಅರ್ಥ ತಿಳಿದೂ ಪಾಠ ಮರೆತವನ ಗತಿ ಏನು? ಜರ್ಮನಿಯ ಎಬ್ಬಿಂಗ್‌ಹೌಸ್ ಎಂಬ ಮನಶ್ಶಾಸ್ತ್ರಜ್ಞನು 1885ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಮರೆವಿನ ವೇಗವನ್ನು ಅಳೆದು ತೋರಿಸಿದ. ಅರ್ಥವಿಲ್ಲದ ಅಕ್ಷರಗಳ ಸಾಲುಗಳನ್ನು ತಾನೇ ಬಾಯಿಪಾಠ ಮಾಡಿ, ಕೆಲಕಾಲ ಬಿಟ್ಟು ಮತ್ತೆ ಕಲಿಯುವಾಗ ಎಷ್ಟು ಶ್ರಮ ಉಳಿಯಿತೆಂದು ಲೆಕ್ಕಹಾಕಿದ. ಇಪ್ಪತ್ತು ನಿಮಿಷಗಳ ಮೇಲೆ ಉಳಿದದ್ದು ಶೇಕಡ 58ರಷ್ಟು. ಒಂದು ದಿನದ ಮೇಲೆ ಮೂರರಲ್ಲಿ ಒಂದು ಪಾಲು. ಒಂದು ತಿಂಗಳ ಮೇಲೆ ಐದರಲ್ಲಿ ಒಂದು ಪಾಲು. ಮೊದಲ ದಿನವೇ ದೊಡ್ಡ ನಷ್ಟ, ಆಮೇಲೆ ನಿಧಾನ. ಒಂದೇ ದಿನ ಅನೇಕ ಬಾರಿ ಓದುವುದಕ್ಕಿಂತ ಕೆಲವು ದಿನಗಳಿಗೆ ಹಂಚಿ ಓದಿದರೆ ಕಡಿಮೆ ಆವೃತ್ತಿಗಳೇ ಸಾಕಾಗುವುವೆಂಬುದನ್ನೂ ಆತ ಕಂಡುಕೊಂಡ. ನಿತ್ಯಕರ್ಮವೆಂದು, ತ್ರಿಕಾಲ ಸಂಧ್ಯೆಯೆಂದು, ಏಕಾದಶಿಗೊಮ್ಮೆ ಭಜನೆಯೆಂದು, ವರ್ಷಕ್ಕೊಮ್ಮೆ ಒಂಬತ್ತು ದಿನಗಳ ಪಾರಾಯಣವೆಂದು ನಮ್ಮಲ್ಲಿರುವ ವ್ಯವಸ್ಥೆಯು ಈ ಹಂಚಿಕೆಯೇ ಅಲ್ಲವೆ? ವಾಲ್ಮೀಕಿಗಳು ಅಶೋಕವನದ ಸೀತೆಯನ್ನು ವರ್ಣಿಸುವಾಗ, ಅಭ್ಯಾಸವಿಲ್ಲದೆ ಸಡಿಲವಾದ ವಿದ್ಯೆಗೆ ಆಕೆಯನ್ನು ಹೋಲಿಸುತ್ತಾರೆ. ಮಸುಕಾದ ಸ್ಮೃತಿಗೂ ಹೋಲಿಸುತ್ತಾರೆ. ಇದ್ದಾಳೆ, ಆದರೆ ಗುರುತು ಹತ್ತುವುದಿಲ್ಲ.

ಬಾಯಿಪಾಠವೊಂದೇ ಸಾಲದಾದ ಕಾಲವೂ ಬಂದಿತು. ಜೈನ ಪರಂಪರೆಯಲ್ಲಿ ಸಮಗ್ರ ಶ್ರುತವನ್ನು ಬಲ್ಲ ಕೊನೆಯ ಶ್ರುತಕೇವಲಿಗಳು ಭದ್ರಬಾಹುಗಳು. ಅವರು ದೇಹವಿಟ್ಟದ್ದು ಶ್ರವಣಬೆಳ್ಗೊಳದಲ್ಲಿ ಎಂದು ಸಂಪ್ರದಾಯ. ಅವರ ಬಳಿಕ ತಲೆಮಾರಿನಿಂದ ತಲೆಮಾರಿಗೆ ಆಗಮದ ಭಾಗಗಳು ಕಳೆಯುತ್ತ ಬಂದವು. ಉಳಿದ ಸ್ವಲ್ಪವನ್ನು ಬಲ್ಲ ಧರಸೇನಾಚಾರ್ಯರು ಗಿರಿನಾರದ ಚಂದ್ರಗುಹೆಯಲ್ಲಿದ್ದಾಗ, ತಮ್ಮೊಂದಿಗೆ ಅದೂ ಅಳಿದುಹೋದೀತೆಂಬ ಭಯದಿಂದ ದಕ್ಷಿಣದ ಮುನಿಸಂಘಕ್ಕೆ ಓಲೆ ಕಳುಹಿಸಿದರು. ಪುಷ್ಪದಂತ, ಭೂತಬಲಿ ಎಂಬ ಇಬ್ಬರು ಮುನಿಗಳು ಬಂದು ಕಲಿತರು. ಹಿಂತಿರುಗುವಾಗ ಪುಷ್ಪದಂತರು ವನವಾಸ ದೇಶಕ್ಕೆ, ಅಂದರೆ ನಮ್ಮ ಬನವಾಸಿಯ ಸೀಮೆಗೆ, ಬಂದು ಸೂತ್ರರಚನೆಗೆ ತೊಡಗಿದರು. ಭೂತಬಲಿಗಳು ಅದನ್ನು ಪೂರೈಸಿದರು. ಅದೇ ಷಟ್ಖಂಡಾಗಮ. ವೀರಸೇನರು ಅದಕ್ಕೆ 816ರಲ್ಲಿ ಪೂರ್ಣಗೊಳಿಸಿದ ಧವಲಾ ಟೀಕೆಯು ಹಳಗನ್ನಡ ಲಿಪಿಯ ತಾಳೆಯೋಲೆಗಳಲ್ಲಿ ಮೂಡಬಿದಿರೆಯಲ್ಲಿ ಉಳಿದಿತ್ತು. 1939ರಿಂದ ಅದು ಅಚ್ಚಾಗತೊಡಗಿದಾಗಲೇ ಲೋಕಕ್ಕೆ ಅದರ ಪರಿಚಯವಾದದ್ದು. ಒಬ್ಬ ವೃದ್ಧ ಗುರುವಿನ ಭಯ, ಇಬ್ಬರು ಶಿಷ್ಯರ ಕಾಲ್ನಡಿಗೆ, ಹೆಸರು ತಿಳಿಯದ ಎಷ್ಟೋ ಲಿಪಿಕಾರರ ಕೈಬೆರಳು ಇವುಗಳಲ್ಲಿ ಒಂದು ತಪ್ಪಿದ್ದರೂ ಅದು ಉಳಿಯುತ್ತಿರಲಿಲ್ಲ. ಆ ಗ್ರಂಥವು ಪೂರ್ಣಗೊಂಡ ಜ್ಯೇಷ್ಠ ಶುದ್ಧ ಪಂಚಮಿಯನ್ನು ಶ್ರುತಪಂಚಮಿಯೆಂದು ಜೈನರು ಇಂದಿಗೂ ಆಚರಿಸುತ್ತಾರೆ.

ಇಷ್ಟು ದೂರದ ಮಾತೇಕೆ? ಹೊರನಾಡಿನಲ್ಲಿರುವ ಕನ್ನಡಿಗರ ಮನೆಗಳಲ್ಲಿ ಧರಸೇನರ ಭಯವು ಈಗ ದಿನನಿತ್ಯದ್ದು. ದಸರೆಗೆ ಹಿಂದಿನ ಪಕ್ಷವೇ ಮಹಾಲಯ. ತರ್ಪಣಕ್ಕೆ ಕುಳಿತವರು ತಂದೆ, ಅಜ್ಜ, ಮುತ್ತಜ್ಜ ಈ ಮೂವರನ್ನು ವಸು, ರುದ್ರ, ಆದಿತ್ಯ ಸ್ವರೂಪರೆಂದು ಹೆಸರು ಗೋತ್ರ ಸಹಿತ ಕರೆಯಬೇಕು. ತಾಯಿಯ ತವರಿನ ಹಿರಿಯರನ್ನೂ ಕರೆಯಬೇಕು. ಪುರೋಹಿತರು ಹೆಸರು ಕೇಳುತ್ತಾರೆ. ತಂದೆಯ ಹೆಸರಿಗೆ ತಡವಿಲ್ಲ, ಅಜ್ಜನದು ಬರುತ್ತದೆ. ಮುತ್ತಜ್ಜನ ಹೆಸರಿಗೆ ಅನೇಕರು ಊರಿನ ದೊಡ್ಡಪ್ಪನವರಿಗೆ ಫೋನು ಮಾಡುತ್ತಾರೆ. ತಾಯಿಯ ಅಜ್ಜಿಯ ಹೆಸರಿಗಂತೂ ಫೋನಿನ ಆ ತುದಿಯಲ್ಲಿಯೂ ಮೌನ. ಗೋತ್ರ ತಿಳಿಯದವರು ಕಾಶ್ಯಪ ಗೋತ್ರವೆಂದು ಹೇಳಿಕೊಳ್ಳಲು ಶಾಸ್ತ್ರವು ಅವಕಾಶ ಕೊಟ್ಟಿದೆ. ದಾಯಾದಿಗಳಿಲ್ಲದವರಿಗೂ, ಗುರುಗಳಿಗೂ, ಮಿತ್ರರಿಗೂ ಮಹಾಲಯದಲ್ಲಿ ನೀರು ಬಿಡುವ ಕ್ರಮವಿದೆ. ಆ ಉದಾರತೆ ದೊಡ್ಡದು. ಆದರೂ ಹೆಸರು ಹಿಡಿದು ಕರೆಯುವುದೇ ಬೇರೆ. ತರ್ಪಣದ ಪದ್ಧತಿಯಿಲ್ಲದ ಮನೆಗಳಲ್ಲಿ ಅಮಾವಾಸ್ಯೆಯ ದಿನ ಹಿರಿಯರಿಗೆ ಎಡೆಯಿಟ್ಟು, ಅವರವರಿಗೆ ಇಷ್ಟವಾಗಿದ್ದ ತಿಂಡಿಯನ್ನು ಬಡಿಸುವ ರೂಢಿಯುಂಟು. ಅಜ್ಜಿಗೆ ಕಜ್ಜಾಯವೆಂದರೆ ಪ್ರೀತಿಯೋ ಚಕ್ಕುಲಿಯೆಂದರೆ ಪ್ರೀತಿಯೋ ಎಂಬುದು ಮೊಮ್ಮಕ್ಕಳಿಗೆ ತಿಳಿಯುವುದು ಆ ದಿನವೇ.

ಪೂಜೆಯ ಆರಂಭದ ಸಂಕಲ್ಪವೂ ಇಂತಹ ಒಂದು ಜ್ಞಾಪಕ. ಶ್ವೇತವರಾಹಕಲ್ಪದಿಂದ ಹಿಡಿದು ಇಂದಿನ ಸಂವತ್ಸರ, ಅಯನ, ಋತು, ಮಾಸ, ಪಕ್ಷ, ತಿಥಿ, ವಾರಗಳವರೆಗೆ. ಜಂಬೂದ್ವೀಪದಿಂದ ಹಿಡಿದು ಗೋದಾವರಿಯ ದಕ್ಷಿಣ ತೀರದವರೆಗೆ. ತಾನು ಎಲ್ಲಿದ್ದೇನೆ, ಯಾವಾಗ ಇದ್ದೇನೆ, ಯಾರ ಮಗ, ಏನು ಮಾಡಹೊರಟಿದ್ದೇನೆ ಎಂಬುದನ್ನು ಮನುಷ್ಯನು ದಿನವೂ ಗಟ್ಟಿಯಾಗಿ ಹೇಳಿಕೊಳ್ಳುವ ಏರ್ಪಾಡು ಇದು. ಪುಣೆ, ಹೈದರಾಬಾದು, ಚೆನ್ನೈಗಳು ಗೋದಾವರಿಗೆ ದಕ್ಷಿಣದಲ್ಲಿರುವುದರಿಂದ ಅಲ್ಲಿಯವರಿಗೆ ಊರಿನ ಪಾಠವೇ ನಡೆದೀತು. ದೆಹಲಿಯ ಕನ್ನಡಿಗನು ಮಾತ್ರ ಆ ಒಂದು ಪದವನ್ನು ಬದಲಿಸಿಕೊಳ್ಳಬೇಕು. ಬದಲಿಸದೆ ಅಭ್ಯಾಸಬಲದಿಂದ ದಕ್ಷಿಣ ತೀರವೆಂದೇ ಹೇಳುವವರುಂಟು. ಶಾಸ್ತ್ರದೃಷ್ಟಿಯಿಂದ ಅದು ತಪ್ಪು. ಆ ತಪ್ಪಿನಲ್ಲಿಯೂ ಒಂದು ನೆನಪಿದೆಯೆಂದು ಕ್ಷಮಿಸಬಹುದು.

ಹಿಂದೆ ಹೆಂಗಸರು ಮರೆಯಬಾರದ ವಿಷಯಕ್ಕೆ ಸೆರಗಿನ ತುದಿಗೆ ಗಂಟು ಹಾಕಿಕೊಳ್ಳುತ್ತಿದ್ದರು. ಮನೆಯ ಮಕ್ಕಳು ಸಂಜೆ ದೀಪ ಹಚ್ಚಿದ ಮೇಲೆ ಸಾಲಾಗಿ ಕುಳಿತು ಸಂವತ್ಸರ, ತಿಥಿ, ನಕ್ಷತ್ರ, ಮಗ್ಗಿಗಳನ್ನು ಒಪ್ಪಿಸುತ್ತಿದ್ದರು. ಕಾಲು, ಅರೆ, ಮುಕ್ಕಾಲುಗಳ ಮಗ್ಗಿಯೂ ಅದರಲ್ಲಿತ್ತು. ಈಗ ಆ ಕೆಲಸಗಳನ್ನೆಲ್ಲ ಕೈಯೊಳಗಿನ ಫೋನು ವಹಿಸಿಕೊಂಡಿದೆ. ಅದನ್ನು ದೂಷಿಸಿ ಪ್ರಯೋಜನವಿಲ್ಲ. ತಾಳೆಯೋಲೆಯೂ ಒಂದು ಕಾಲಕ್ಕೆ ಹೊಸದೇ ಆಗಿತ್ತು. ಔಷಧಿಯ ಹೊತ್ತು, ವಿಮೆಯ ಕಂತು, ಮಗಳ ಪರೀಕ್ಷೆಯ ದಿನ ಇವುಗಳನ್ನು ಯಂತ್ರವು ಜ್ಞಾಪಿಸಲಿ. ಆದರೆ ಯಂತ್ರದಲ್ಲಿರುವುದು ದಾಖಲೆ, ಸಂಸ್ಕಾರವಲ್ಲ. ಕೋಪ ಬಂದ ಗಳಿಗೆಯಲ್ಲಿ ಎದುರಿಗಿರುವವನು ಅಣ್ಣನೆಂಬುದನ್ನು ಅದು ತಾನಾಗಿ ಕೂಗಿ ಹೇಳುವುದಿಲ್ಲ.

ಕಡೆಯದಾಗಿ ವೃದ್ಧಾಪ್ಯದ ಮಾತು. ಯಾವ ಭಾವವನ್ನು ಸ್ಮರಿಸುತ್ತ ದೇಹವನ್ನು ಬಿಡುವನೋ ಆ ಭಾವವನ್ನೇ ಹೊಂದುವನೆಂದು ಗೀತೆಯು 8ನೆಯ ಅಧ್ಯಾಯದಲ್ಲಿ ಹೇಳುತ್ತದೆ. ರಾಜ್ಯವನ್ನೇ ತ್ಯಜಿಸಿದ ಭರತನು ಜಿಂಕೆಯ ಮರಿಯನ್ನು ನೆನೆಯುತ್ತ ಸತ್ತು ಜಿಂಕೆಯಾದ ಕಥೆ ಭಾಗವತದ 5ನೆಯ ಸ್ಕಂಧದಲ್ಲಿದೆ. ಇದನ್ನು ಕೇಳಿದಾಗ ಆಸ್ತಿಕರಿಗೆ ಒಂದು ಭಯವಾಗುವುದು ಸಹಜ. ಮುಪ್ಪಿನಲ್ಲಿ ನೆನಪೇ ಅಳಿದುಹೋಗುವ ಕಾಯಿಲೆಗಳಿವೆ. ಜರ್ಮನಿಯ ವೈದ್ಯ ಅಲ್ಝೈಮರ್ 1906ರಲ್ಲಿ ವಿವರಿಸಿದ, ಅವನ ಹೆಸರಿನಿಂದಲೇ ಕರೆಯಲ್ಪಡುವ ಕಾಯಿಲೆ ಅವುಗಳಲ್ಲಿ ಮುಖ್ಯವಾದದ್ದು. ಬೆಳಿಗ್ಗೆ ಉಂಡದ್ದು ಮೊದಲು ಮರೆಯುತ್ತದೆ, ಆಮೇಲೆ ಮೊಮ್ಮಕ್ಕಳ ಹೆಸರು, ಆಮೇಲೆ ಮಕ್ಕಳ ಮುಖ. ಜೀವಮಾನವೆಲ್ಲ ಜಪ ಮಾಡಿದ ಮನುಷ್ಯನು ಕಡೆಗೆ ಏನನ್ನೂ ಸ್ಮರಿಸಲಾರದೆ ಕಣ್ಣುಮುಚ್ಚಿದರೆ ಅವನ ಗತಿಯೇನು?

ಈ ಪ್ರಶ್ನೆಗೆ ಉತ್ತರವು ವರಾಹಾವತಾರದ ಪ್ರಸಂಗದಲ್ಲಿದೆ. ಶ್ರೀವೈಷ್ಣವರು ವರಾಹ ಚರಮಶ್ಲೋಕವೆಂದು ಅತ್ಯಂತ ಗೌರವದಿಂದ ಅನುಸಂಧಾನ ಮಾಡುವ ವಾಕ್ಯದಲ್ಲಿ ಭಗವಂತನು ಭೂದೇವಿಗೆ ಒಂದು ಮಾತು ಕೊಡುತ್ತಾನೆ. ಮನಸ್ಸು ಸ್ವಸ್ಥವಾಗಿ, ಶರೀರವು ದೃಢವಾಗಿರುವಾಗ ತನ್ನನ್ನು ಸ್ಮರಿಸಿದವನು, ಅಂತ್ಯಕಾಲದಲ್ಲಿ ಕಟ್ಟಿಗೆಯಂತೆ, ಕಲ್ಲಿನಂತೆ ಬಿದ್ದಿರುವಾಗ, ಆ ಭಕ್ತನನ್ನು ತಾನೇ ಸ್ಮರಿಸುವೆನು, ತಾನೇ ಪರಮಗತಿಗೆ ಒಯ್ಯುವೆನು ಎಂಬುದು ಅದರ ತಾತ್ಪರ್ಯ. ನೆನೆಯುವ ಹೊಣೆಯು ಭಕ್ತನಿಂದ ಭಗವಂತನಿಗೆ ವರ್ಗವಾಗುತ್ತದೆ. ಶಕ್ತಿಯಿದ್ದಾಗ ಕಟ್ಟಿದ ಕಂತುಗಳಿಗೆ ಶಕ್ತಿ ಉಡುಗಿದಾಗ ಸಲ್ಲುವ ಪಿಂಚಣಿಯೆಂದು ಒಬ್ಬ ನೌಕರನಾದರೆ ಹೇಳಿಯಾನು. ಹೋಲಿಕೆ ಒರಟಾದರೂ ಅರ್ಥ ದೂರವಿಲ್ಲ.

ಇಂತಹ ರೋಗಿಗಳನ್ನು ನೋಡಿಕೊಳ್ಳುವವರೆಲ್ಲರೂ ಬಲ್ಲ ಇನ್ನೊಂದು ಸಂಗತಿಯಿದೆ. ಬಾಲ್ಯದಿಂದ ಹಾಡಿ ಹಾಡಿ ಮೈಗೂಡಿದ ಹಾಡುಗಳು ಇತರ ನೆನಪುಗಳು ಹೋದ ಮೇಲೂ ಅನೇಕ ವೇಳೆ ಬಹುಕಾಲ ಉಳಿದಿರುತ್ತವೆ. ಮಗನನ್ನು ಯಾರಪ್ಪಾ ನೀನು ಎಂದು ಕೇಳುವ ತಾಯಿ, ಸಂಜೆ ದೇವರ ಮುಂದೆ ದೀಪ ಹಚ್ಚಿ ಅವನು ಒಂದು ದೇವರನಾಮದ ಮೊದಲ ಪದವನ್ನು ಎತ್ತಿಕೊಟ್ಟರೆ, ಪಲ್ಲವಿಯನ್ನು ತಾನೇ ಹಿಡಿದುಕೊಳ್ಳುತ್ತಾಳೆ. ನುಡಿಗೆ ನುಡಿ ಸೇರಿಸಿ ಅಂಕಿತದವರೆಗೂ ಹಾಡಿ ಮುಗಿಸುತ್ತಾಳೆ. ನಡುವೆ ಮಗನು ಒಂದು ಪದ ತಪ್ಪಿದರೆ ತಿದ್ದುತ್ತಾಳೆ.